ಉನ್ನತ ಗಣಿತದ ಸ್ವಾಧ್ಯಾಯ: ಅಂತರಜಾಲದ ಆಕರಗಳನ್ನು ಆಯುವ ಬಗೆ

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಗಡಿನಾಡಿನ ಮಕ್ಕಳಲ್ಲಿ ಹಲವರು ಮುಂದೆ ಕಲನಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕಲಿಯಬೇಕಾಗುತ್ತದೆ. ಹೊಸ ವಿಷಯ, ಹೊಸ ಭಾಷೆ ಎರಡೂ ಒಮ್ಮೆಗೇ ಎದುರಾದಾಗ ಜಾಣ ವಿದ್ಯಾರ್ಥಿಯೂ ಹಿಂಜರಿಯುವುದುಂಟು. ಈ ಎಡೆಯನ್ನು ತುಂಬಬೇಕಾದರೆ ತಾವು ಬೋಧಿಸುವ ಪಾಠದ ಮುಂದಿನ ಮೆಟ್ಟಿಲುಗಳು ಶಿಕ್ಷಕರಿಗೆ ತಿಳಿದಿರಬೇಕು. ಅದಕ್ಕೆ ಬೇಕಾದ ಸಾಮಗ್ರಿ ಇಂದು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ.

ಆಕರವನ್ನು ಆಯುವಾಗ ಮೂರು ಅಂಶಗಳನ್ನು ಪರಿಶೀಲಿಸಬೇಕು: ಪಾಠಗಳು ಕ್ರಮಬದ್ಧವಾಗಿವೆಯೆ? ಅಭ್ಯಾಸದ ಲೆಕ್ಕಗಳಿವೆಯೆ? ಉತ್ತರಗಳನ್ನು ತಾಳೆ ನೋಡಲು ಸಾಧ್ಯವೆ? ಉಪನ್ಯಾಸವನ್ನು ನೋಡಿದಷ್ಟರಿಂದಲೇ ಗಣಿತ ಕರಗತವಾಗದು.

ಆರಂಭಕ್ಕೆ ಎನ್‌ಸಿಇಆರ್‌ಟಿಯ 11 ಮತ್ತು 12ನೆಯ ತರಗತಿಗಳ ಗಣಿತ ಪುಸ್ತಕಗಳು ಸಾಕು. ಅವುಗಳಲ್ಲಿ ಅಭ್ಯಾಸಗಳ ಉತ್ತರಗಳೂ ಇವೆ. ಅನಂತರ ಎಂಐಟಿ ಓಪನ್‌ಕೋರ್ಸ್‌ವೇರ್‌ನ ಏಕಚರ ಕಲನಶಾಸ್ತ್ರಕ್ಕೆ ಹೋಗಬಹುದು. ಅಲ್ಲಿ ಉಪನ್ಯಾಸ, ಲೆಕ್ಕ, ಪರಿಹಾರ ಮೂರೂ ಒಟ್ಟಿಗಿವೆ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಪದವಿ ಮಟ್ಟದ ಪಾಠಗಳಿವೆ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕವುಂಟು. ಹಿಂದಿನ ಪಾಠ ಮರೆತಿದ್ದಲ್ಲಿ ಖಾನ್ ಅಕಾಡೆಮಿ ನೆರವಾಗುತ್ತದೆ.

ಒಂದು ಉದಾಹರಣೆ: ಸರಳರೇಖೆಯ ಇಳಿಜಾರನ್ನು ನಾವು ಬಲ್ಲೆವು. ವಕ್ರರೇಖೆಗೆ ಇಳಿಜಾರು ಉಂಟೆ? ಸಂಖ್ಯೆಯ ವರ್ಗವನ್ನು ಸೂಚಿಸುವ ವಕ್ರರೇಖೆಯಲ್ಲಿ 3 ಮತ್ತು 3.1ರ ನಡುವಣ ಇಳಿಜಾರು (9.61 − 9) ÷ 0.1 = 6.1. 3 ಮತ್ತು 3.01ರ ನಡುವೆ ಅದು 6.01. ಅಂತರವು ಕುಗ್ಗಿದಂತೆ ಇಳಿಜಾರು 6ನ್ನು ಸಮೀಪಿಸುತ್ತದೆ. ಇದೇ ಅವಕಲನದ ತಿರುಳು. ಮೊದಲು ಕಾಗದದ ಮೇಲೆ ಲೆಕ್ಕ ಮಾಡಿ, ಬಳಿಕ ಉಚಿತ ತಂತ್ರಾಂಶವಾದ ಜಿಯೋಜೀಬ್ರಾದಲ್ಲಿ ಚಿತ್ರಿಸಿ ನೋಡುವುದು ಒಳಿತು.

ಕಲಿಯುತ್ತ ಹೋದಂತೆ ಪದಪಟ್ಟಿಯೊಂದನ್ನು ಬರೆದಿಡಬೇಕು: ಅವಕಲನಕ್ಕೆ ಡಿಫರೆನ್ಶಿಯೇಶನ್, ಅನುಕಲನಕ್ಕೆ ಇಂಟಿಗ್ರೇಶನ್, ಮಾತೃಕೆಗೆ ಮ್ಯಾಟ್ರಿಕ್ಸ್. ಅವಕಲನವೆಂಬ ಪದ ತೆಲುಗು, ಹಿಂದಿಗಳಲ್ಲಿಯೂ ಬಳಕೆಯಲ್ಲಿದೆ. ನೆರೆಭಾಷೆಯ ಪದಗಳನ್ನೂ ಪಟ್ಟಿಗೆ ಸೇರಿಸಿಕೊಂಡರೆ ಗಡಿಭಾಗದ ಶಿಕ್ಷಕರಿಗೆ ಅನುಕೂಲ.

ಏಕಕಾಲದಲ್ಲಿ ಒಂದೇ ಪಠ್ಯಕ್ರಮವನ್ನು ಕೈಗೊಂಡು, ವಾರಕ್ಕೆ ಒಂದು ಪಾಠವನ್ನು ಲೆಕ್ಕಗಳ ಸಮೇತ ಮುಗಿಸುವುದು ಯೋಗ್ಯ. ಸಮೀಪದ ಶಾಲೆಯ ಸಹೋದ್ಯೋಗಿಯೊಬ್ಬರು ಜೊತೆಗೂಡಿದರೆ, ಬಿಡಿಸಲಾಗದ ಲೆಕ್ಕವನ್ನು ಕನ್ನಡದಲ್ಲಿಯೇ ಚರ್ಚಿಸಬಹುದು. ಆ ಚರ್ಚೆಯ ಮಾತುಗಳೇ ಮುಂದೆ ತರಗತಿಯಲ್ಲಿ ವಿವರಣೆಯಾಗಿ ಮಕ್ಕಳನ್ನು ತಲುಪುತ್ತವೆ.