ಚೀಟಿಯ ಮೂಲೆಯ ನಾಲ್ಕು ಅಂಕಿ

ಪ್ರಾಥಮಿಕ ಆರೋಗ್ಯ ಕೇಂದ್ರದ ಒಪಿಡಿ ಚೀಟಿಯ ಮೂಲೆಯಲ್ಲಿ ಸಿಸ್ಟರ್ ಗೀಚಿಕೊಡುವ ಅಂಕಿಗಳನ್ನು ನಾವು ಓದುವುದೇ ಕಡಿಮೆ. ನಾಡಿ 72, ಉಸಿರು 16, ಬಿಪಿ 120/80, ಮೈಬಿಸಿ 98.6. ನಮ್ಮ ಕಣ್ಣೆಲ್ಲ ಡಾಕ್ಟರು ಬರೆದ ಮಾತ್ರೆಗಳ ಮೇಲೆ. ಒಮ್ಮೆ ಪೆನ್ನು ಹಿಡಿದು ಈ ಅಂಕಿಗಳನ್ನು ಗುಣಿಸಿ ನೋಡಿ.

ನಿಮಿಷಕ್ಕೆ 72 ಬಡಿತವೆಂದರೆ ದಿನಕ್ಕೆ 1,03,680. ಎಪ್ಪತ್ತು ವರ್ಷ ಬಾಳಿದವರ ಎದೆಯಲ್ಲಿ ಸುಮಾರು 265 ಕೋಟಿ ಬಡಿತ! ಒಂದೊಂದು ಬಡಿತಕ್ಕೂ ಹೃದಯ ಹೆಚ್ಚುಕಡಿಮೆ 70 ಮಿಲಿಲೀಟರ್ ರಕ್ತ ತಳ್ಳುತ್ತದೆ. ದಿನದ ಲೆಕ್ಕ ಏಳು ಸಾವಿರ ಲೀಟರು ದಾಟುತ್ತದೆ. ಬೆಂಗಳೂರಿನ ಬೀದಿಗಳಿಗೆ ಬರುವ 6,000 ಲೀಟರಿನ ನೀರಿನ ಟ್ಯಾಂಕರ್ ತುಂಬಿ ಹರಿಯುವಷ್ಟು. ಇಷ್ಟು ಕೆಲಸ ಮಾಡುವ ಪಂಪಿನ ತೂಕ ಸುಮಾರು ಮುನ್ನೂರು ಗ್ರಾಂ. ಮೈಯಲ್ಲಿರುವ ರಕ್ತವೋ ಐದೇ ಲೀಟರು. ಅದೇ ನಿಮಿಷಕ್ಕೊಂದು ಸುತ್ತು ಹೊಡೆಯುತ್ತಿರುತ್ತದೆ.

ನಿಮಿಷಕ್ಕೆ 16 ಉಸಿರು, ಒಂದೊಂದಕ್ಕೂ ಅರ್ಧ ಲೀಟರು ಗಾಳಿ: ದಿನಕ್ಕೆ 11,520 ಲೀಟರು. ಅದರಲ್ಲಿನ ಆಮ್ಲಜನಕವನ್ನು ಹೊರುವುದು ಕೆಂಪು ರಕ್ತಕಣಗಳು. ಒಂದು ಕಣದೊಳಗೆ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿವೆ. ಒಂದೊಂದೂ ನಾಲ್ಕು ಆಮ್ಲಜನಕದ ಅಣುಗಳನ್ನು ಹೊರಬಲ್ಲದು. ಕಣ್ಣಿಗೆ ಕಾಣದ ಒಂದು ಕಣದ ಮೇಲೆ ನೂರು ಕೋಟಿಗೂ ಮಿಕ್ಕಿದ ಹೊರೆ! ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ 98 ಎಂದು ತೋರಿಸಿದರೆ, ನೂರರಲ್ಲಿ 98 ಪಾಲು ಜಾಗ ಭರ್ತಿಯಾಗಿದೆ ಎಂದರ್ಥ.

ಬಿಪಿಯ 120 ಎಂದರೆ ಪಾದರಸವನ್ನು 120 ಮಿಲಿಮೀಟರ್ ಮೇಲೆತ್ತುವ ಒತ್ತಡ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಕೊಳವೆಯಲ್ಲಿ ನೀರಿದ್ದಿದ್ದರೆ ಅದು 163 ಸೆಂಟಿಮೀಟರ್, ಅಂದರೆ ಆಳೆತ್ತರ ಏರುತ್ತಿತ್ತು. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಹೆಣ್ಣು ಕುದುರೆಯೊಂದರ ಧಮನಿಗೆ ಗಾಜಿನ ಕೊಳವೆ ಜೋಡಿಸಿದಾಗ ರಕ್ತ ಎಂಟಡಿಗೂ ಮೇಲೇರಿತ್ತು. ಆ ವಿವರವನ್ನು ಅವನು ಪ್ರಕಟಿಸಿದ್ದು 1733ರಲ್ಲಿ. ಇಟಲಿಯ ರಿವಾ-ರೊಚ್ಚಿ 1896ರಲ್ಲಿ ತೋಳಿಗೆ ಸುತ್ತುವ ಪಟ್ಟಿ ತಂದ ಮೇಲೆ ಯಾರ ಧಮನಿಯನ್ನೂ ಕೊಯ್ಯದೆ ಈ ಒತ್ತಡ ಅಳೆಯುವುದು ಸುಲಭವಾಯಿತು.

ಮೈಬಿಸಿಯ ಕಥೆ ಇನ್ನೂ ಸೋಜಿಗ. ಜರ್ಮನಿಯ ವುಂಡರ್ಲಿಷ್ 25,000 ರೋಗಿಗಳ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಹತ್ತು ಲಕ್ಷಕ್ಕೂ ಹೆಚ್ಚು ಸಲ ಅಳೆದು, 1868ರಲ್ಲಿ 37 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮ 98.6 ಫ್ಯಾರನ್‌ಹೀಟ್ ಎಂಬ ಲೆಕ್ಕ ಕೊಟ್ಟ. ರಾಯಚೂರಿನಲ್ಲಿ ಬಿಸಿಲು 40 ದಾಟಲಿ, ಮಡಿಕೇರಿಯಲ್ಲಿ ಚಳಿ ಕೊರೆಯಲಿ, ಮೈಯೊಳಗಿನ ಬಿಸಿ ಆ ಆಸುಪಾಸಿನಲ್ಲೇ. 35ಕ್ಕಿಂತ ಇಳಿದರೆ ಅಪಾಯ, 40 ಮುಟ್ಟಿದರೂ ಅಪಾಯ. ಕೋಟಿಗಳಲ್ಲಿ ನಡೆಯುವ ಇಷ್ಟೆಲ್ಲ ವ್ಯವಹಾರಕ್ಕೆ ಸಿಕ್ಕಿರುವ ಜಾಗ ಐದೇ ಡಿಗ್ರಿ.

ಮಕ್ಕಳ ಉಸಿರಿನಲ್ಲಿ ಈ ಜಾಗ ಇನ್ನೂ ಕಿರಿದು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗು ಕೆಮ್ಮುತ್ತಿದ್ದು, ಉಸಿರು ನಿಮಿಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನ್ಯುಮೋನಿಯಾ ಎಂದು ಶಂಕಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದರಿಂದ ಐದು ವರ್ಷದವರಿಗೆ ಆ ಗಡಿ 40. ಎಕ್ಸ್-ರೇ ಇಲ್ಲದ ಊರಿನಲ್ಲಿ ಆಶಾ ಕಾರ್ಯಕರ್ತೆಗೆ ಆಧಾರ ಮಗುವಿನ ಹೊಟ್ಟೆಯ ಏರಿಳಿತ ಮತ್ತು ಕೈಯಲ್ಲಿನ ಗಡಿಯಾರ. ಆತುರಕ್ಕೆ ಹದಿನೈದೇ ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಏನಾಗುತ್ತದೆ? 12 ಎಣಿಸಿದರೆ 48: ಮಗುವಿಗೆ ಬರೀ ಕೆಮ್ಮು. 13 ಎಣಿಸಿದರೆ 52: ನ್ಯುಮೋನಿಯಾದ ಶಂಕೆ. ಒಂದೇ ಒಂದು ಉಸಿರಿನ ಎಣಿಕೆ ತಪ್ಪಿದರೆ ಚಿಕಿತ್ಸೆಯೇ ಬದಲಾದೀತು. ಪೂರ್ತಿ ಅರವತ್ತು ಸೆಕೆಂಡು ಎಣಿಸಬೇಕೆಂಬ ನಿಯಮ ಇರುವುದು ಇದಕ್ಕೇ. ಅಳುವ ಮಗುವಿನ ಉಸಿರು ಲೆಕ್ಕಕ್ಕೆ ಬರದು. ಮೊದಲು ಸಮಾಧಾನ ಮಾಡಿ, ಅಂಗಿ ಮೇಲೆತ್ತಿ ಹಿಡಿಯಿರಿ. ಆ ಒಂದು ನಿಮಿಷ ಆಕೆಯನ್ನು ಮಾತಿಗೆಳೆಯಬೇಡಿ.