ಅಗ್ಗವಾದರೆ ಸಾಲದು: ಲಂಕೆಯ ಪ್ರವಾಸೋದ್ಯಮ ಬಿದ್ದದ್ದು, ಎದ್ದದ್ದು

2018ರಲ್ಲಿ ಶ್ರೀಲಂಕಾಕ್ಕೆ ಬಂದ ವಿದೇಶಿ ಪ್ರವಾಸಿಗರು 23 ಲಕ್ಷಕ್ಕೂ ಹೆಚ್ಚು. ಅವರಿಂದ ದೇಶಕ್ಕೆ ಸಿಕ್ಕಿದ್ದು ಸುಮಾರು 440 ಕೋಟಿ ಡಾಲರ್. ಮರುವರ್ಷ ಈಸ್ಟರ್ ಭಾನುವಾರ ಬಾಂಬ್ ದಾಳಿ ನಡೆಯಿತು, ಅದರ ಬೆನ್ನಿಗೇ ಕೋವಿಡ್ ಬಂತು. 2021ರಲ್ಲಿ ದ್ವೀಪಕ್ಕೆ ಕಾಲಿಟ್ಟವರು ಎರಡು ಲಕ್ಷವೂ ಇರಲಿಲ್ಲ.

ಪ್ರವಾಸಿ ಬಾರದಿದ್ದರೆ ಹೋಟೆಲಿನವರಿಗೆ ಮಾತ್ರ ನಷ್ಟ ಎಂದುಕೊಳ್ಳುವುದು ಸುಲಭ. ಆದರೆ ಪೆಟ್ರೋಲು, ಅಡುಗೆ ಅನಿಲ, ಔಷಧಿಗಳನ್ನು ಹೊರಗಿನಿಂದ ತರಿಸಿಕೊಳ್ಳುವ ದೇಶಕ್ಕೆ ಡಾಲರ್ ಬೇಕು. ಆ ಡಾಲರಿನ ದೊಡ್ಡ ಮೂಲಗಳಲ್ಲೊಂದು ಬತ್ತಿಹೋಯಿತು. ಸಾಲದ ಹೊರೆ, ತೆರಿಗೆ ಕಡಿತ ಮೊದಲಾದ ತಪ್ಪುಗಳೂ ಸೇರಿಕೊಂಡು, 2022ರ ಏಪ್ರಿಲ್‌ನಲ್ಲಿ ಸರ್ಕಾರ ವಿದೇಶಿ ಸಾಲ ತೀರಿಸಲಾಗದು ಎಂದು ಕೈಚೆಲ್ಲಿತು. ಡಾಲರಿಗೆ ಸುಮಾರು 200 ಇದ್ದ ಲಂಕಾ ರೂಪಾಯಿ ಕೆಲವೇ ವಾರಗಳಲ್ಲಿ 350 ದಾಟಿತು.

ಪುಸ್ತಕದ ಲೆಕ್ಕದಂತೆ ಆಗ ಪ್ರವಾಸಿಗರು ಮುಗಿಬೀಳಬೇಕಿತ್ತು. ಅದೇ ಡಾಲರಿಗೆ ಹೆಚ್ಚು ಊಟ, ಹೆಚ್ಚು ದಿನದ ವಾಸ! ಐಸ್‌ಲ್ಯಾಂಡಿನಲ್ಲಿ ಇಂಥದ್ದು ನಡೆದೂ ಇತ್ತು. 2008ರಲ್ಲಿ ಅಲ್ಲಿನ ಮೂರು ದೊಡ್ಡ ಬ್ಯಾಂಕುಗಳು ಮುಳುಗಿ, ಕರೆನ್ಸಿಯಾದ ಕ್ರೋನಾ ಕುಸಿದ ಮೇಲೆ ದುಬಾರಿ ದೇಶ ಕೈಗೆಟುಕಿತು; 2010ರಲ್ಲಿ ಐದು ಲಕ್ಷದ ಆಸುಪಾಸಿನಲ್ಲಿದ್ದ ಪ್ರವಾಸಿಗರು 2018ಕ್ಕೆ 23 ಲಕ್ಷ ಮೀರಿದರು. ಆದರೆ ಅಲ್ಲಿ ದೀಪ ಆರಿರಲಿಲ್ಲ, ಬಸ್ಸು ನಿಂತಿರಲಿಲ್ಲ. ಲಂಕೆಯಲ್ಲಿ ದಿನಕ್ಕೆ 13 ಗಂಟೆಯವರೆಗೆ ಕರೆಂಟು ಹೋಗುತ್ತಿತ್ತು, ಬಂಕುಗಳ ಮುಂದೆ ಕಿಲೋಮೀಟರುಗಟ್ಟಲೆ ಸಾಲು. ಕ್ಯಾಂಡಿಗೆ ಹೋಗಲು ಕಾರಿಗೆ ಪೆಟ್ರೋಲೇ ಇಲ್ಲದಿದ್ದರೆ ಅಗ್ಗದ ಕೋಣೆಯಿಂದ ಏನು ಪ್ರಯೋಜನ?

ಚೇತರಿಕೆ ಶುರುವಾದದ್ದು ಜಾಹೀರಾತಿನಿಂದಲ್ಲ, ಇಂಧನದಿಂದ. ಕ್ಯೂಆರ್ ಕೋಡಿನ ಪಡಿತರ ಪದ್ಧತಿ ಬಂದು ಬಂಕಿನ ಸಾಲು ಕರಗಿತು. 2023ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಸುಮಾರು 300 ಕೋಟಿ ಡಾಲರ್ ನೆರವಿಗೆ ಒಪ್ಪಿತು. ಆ ವರ್ಷ ಬಂದವರು ಸುಮಾರು 15 ಲಕ್ಷ, 2024ರಲ್ಲಿ 20 ಲಕ್ಷಕ್ಕೂ ಹೆಚ್ಚು. ಎಲ್ಲರಿಗಿಂತ ಹೆಚ್ಚು ಬಂದವರು ಭಾರತೀಯರು. ಬೆಂಗಳೂರಿನಿಂದ ಕೊಲಂಬೊ ವಿಮಾನದಲ್ಲಿ ಒಂದೂವರೆ ತಾಸಿನ ದಾರಿ.

ಆದರೂ 2024ರ ಆದಾಯ 320 ಕೋಟಿ ಡಾಲರಿನಷ್ಟೇ. ಭಾಗಿಸಿ ನೋಡಿದರೆ 2018ರಲ್ಲಿ ಒಬ್ಬ ಪ್ರವಾಸಿಯಿಂದ ಸುಮಾರು 1,900 ಡಾಲರ್ ಬರುತ್ತಿತ್ತು, 2024ರಲ್ಲಿ 1,500ರ ಹತ್ತಿರ. ತಲೆ ಎಣಿಸಿ ಚೇತರಿಕೆ ಘೋಷಿಸುವ ವರದಿಗಳಲ್ಲಿ ಈ ಕೊರತೆ ಕಾಣುವುದಿಲ್ಲ. ಇನ್ನೊಂದು ನಷ್ಟವಂತೂ ಡಾಲರಿನ ಲೆಕ್ಕಕ್ಕೇ ಸಿಗುವುದಿಲ್ಲ: ಕಷ್ಟದ ದಿನಗಳಲ್ಲಿ ನುರಿತ ಬಾಣಸಿಗರು, ಹೋಟೆಲ್ ನೌಕರರು ಕೊಲ್ಲಿ ದೇಶಗಳಿಗೂ ಮಾಲ್ಡೀವ್ಸ್‌ಗೂ ಕೆಲಸ ಹುಡುಕಿ ಹೋದರು. ಅವರ ಜಾಗಕ್ಕೆ ಬಂದ ಹೊಸಬರು ಪಳಗಲು ವರ್ಷಗಳೇ ಬೇಕು.