ಅಲ್ಪ ಹಣದಲ್ಲಿ ಬೇಸ್ ಗಿಟಾರ್: ಕೊಳ್ಳುವ ಮುನ್ನ ನೋಡಬೇಕಾದುದೇನು?

ಗಾಯನ ಮಂಡಳಿಯಲ್ಲಿ ಎಲ್ಲರ ಕಿವಿಗೂ ಬಿದ್ದು ಯಾರ ಗಮನಕ್ಕೂ ಬಾರದ ವಾದ್ಯವೊಂದಿದ್ದರೆ ಅದು ಬೇಸ್ ಗಿಟಾರ್. ನುಡಿಯುತ್ತಿರುವಾಗ ಅದರ ಇರವೇ ತಿಳಿಯುವುದಿಲ್ಲ. ನಿಂತೊಡನೆ ಹಾಡಿನ ಬುಡ ಕುಸಿದಂತೆ ಭಾಸವಾಗುತ್ತದೆ. ಕೀಬೋರ್ಡ್, ಗಿಟಾರ್, ವಯಲಿನ್‌ಗಳು ನೆಲೆಯೂರಿರುವ ಇಗರ್ಜಿಗಳಲ್ಲಿಯೂ ಬೇಸ್ ಗಿಟಾರಿನ ಸ್ಥಾನ ಬಹುವೇಳೆ ತೆರವಾಗಿಯೇ ಇರುತ್ತದೆ. ಕೇಳಿದರೆ ಹಣವಿಲ್ಲವೆಂಬುದು ಸಿದ್ಧ ಉತ್ತರ.

ಆ ಹಣವಾದರೂ ಎಂಥದು? ಯುವಜನರು ಮನೆ ಮನೆಗೆ ಹೋಗಿ ಒಟ್ಟುಗೂಡಿಸಿದ್ದು. ಇಲ್ಲವೇ ಮಗನ ಹಂಬಲಕ್ಕೆ ಮಣಿದ ತಾಯಿಯೊಬ್ಬಳು ಬೀಡಿ ಕಟ್ಟಿ ಉಳಿಸಿದ್ದು. ಅದು ಒಮ್ಮೆ ಅಯೋಗ್ಯ ವಾದ್ಯಕ್ಕೆ ವ್ಯಯವಾದರೆ ಎರಡನೆಯ ಅವಕಾಶ ದೊರೆಯುವುದು ದುರ್ಲಭ. ಹಣಕ್ಕಿಂತ ಮಿಗಿಲಾದ ನಷ್ಟವೂ ಇದೆ. ವಾದ್ಯದ ದೋಷವನ್ನು ತನ್ನ ಬೆರಳುಗಳ ದೋಷವೆಂದು ಬಗೆದ ಹುಡುಗ ಆರು ತಿಂಗಳಲ್ಲಿ ಕಲಿಕೆಗೇ ಬೆನ್ನು ತಿರುಗಿಸುತ್ತಾನೆ.

ಸಾಮಾನ್ಯ ಗಿಟಾರಿನ ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸಿದರೆ ನಾಲ್ಕು ತಂತಿಯ ಬೇಸ್ ಗಿಟಾರಿನ ದಪ್ಪ ತಂತಿ ಸುಮಾರು 41 ಬಾರಿ ಕಂಪಿಸುತ್ತದೆ. ಎಂದರೆ ಒಂದು ಸ್ಥಾಯಿಯಷ್ಟು ಕೆಳಗೆ. ಹಿಂದೆ ಈ ಮಂದ್ರಧ್ವನಿಗಾಗಿ ಆಳೆತ್ತರದ ಡಬಲ್ ಬೇಸ್ ಅನ್ನು ಹೊತ್ತು ತಿರುಗಬೇಕಿತ್ತು. ರೇಡಿಯೊ ರಿಪೇರಿಯ ಅಂಗಡಿ ನಡೆಸುತ್ತಿದ್ದ ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಿದ್ಯುತ್ ವಾದ್ಯವನ್ನು ಮಾರುಕಟ್ಟೆಗೆ ತಂದರು. ಫ್ರೆಟ್ ಎಂಬ ಲೋಹದ ಪಟ್ಟಿಗಳಿರುವುದರಿಂದ ಸ್ವರ ಕರಾರುವಾಕ್ಕಾಗಿ ಹೊರಡುತ್ತದೆಂಬುದೇ ಆ ಹೆಸರಿನ ಇಂಗಿತ. ಇಂದು ಅಗ್ಗದ ದರಕ್ಕೆ ಸಿಗುವ ಬೇಸ್ ಗಿಟಾರುಗಳಲ್ಲಿ ಬಹಳಷ್ಟು ಅದರ, ಇಲ್ಲವೇ ಅದೇ ಸಂಸ್ಥೆ 1960ರಲ್ಲಿ ಹೊರತಂದ ಜಾಝ್ ಬೇಸ್‌ನ ಪಡಿಯಚ್ಚುಗಳು.

ಅಗ್ಗದ ವಾದ್ಯವೆಂದರೆ ಮೂಗು ಮುರಿಯುವವರು 1961ರ ಒಂದು ಪ್ರಸಂಗವನ್ನು ಅರಿತಿರುವುದು ಒಳಿತು. ಜರ್ಮನಿಯ ಹ್ಯಾಂಬರ್ಗ್ ನಗರದ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದ ಬೀಟಲ್ಸ್ ತಂಡದ ಬೇಸ್ ವಾದಕ ಸ್ಟುವರ್ಟ್ ಸಟ್ಕ್ಲಿಫ್ ಚಿತ್ರಕಲೆಯ ಅಭ್ಯಾಸಕ್ಕಾಗಿ ತಂಡವನ್ನು ತೊರೆದಾಗ ಆ ಹೊಣೆ ಪಾಲ್ ಮೆಕಾರ್ಟ್ನಿಯವರ ಪಾಲಿಗೆ ಬಂದಿತು. ಫೆಂಡರ್ ವಾದ್ಯದ ಬೆಲೆ ನೂರು ಪೌಂಡಿನ ಆಸುಪಾಸಿನಲ್ಲಿತ್ತು. ಅಷ್ಟು ಹಣ ಅವರಲ್ಲಿರಲಿಲ್ಲ. ಸುಮಾರು 30 ಪೌಂಡಿಗೆ ದೊರೆತ ಹಾಫ್ನರ್ ಸಂಸ್ಥೆಯ ಪಿಟೀಲಿನಾಕಾರದ ಬೇಸ್ ಅನ್ನು ಅವರು ಕೊಂಡರು. ಬೆಲೆಯೊಂದೇ ಕಾರಣವಾಗಿರಲಿಲ್ಲ. ಅವರು ಎಡಗೈ ವಾದಕರು. ಎರಡೂ ಬದಿಗೆ ಸಮನಾದ ಆಕಾರವಾದುದರಿಂದ ಎಡಗೈಯಲ್ಲಿ ಹಿಡಿದರೂ ಅದು ವಿಕಾರವಾಗಿ ಕಾಣದೆಂದು ಅವರಿಗೆ ತೋರಿತು. ಒಳಗೆ ಟೊಳ್ಳಾದ ಆ ವಾದ್ಯ ತೀರಾ ಹಗುರ. ಅದರ ತಂತಿಯ ಉದ್ದ 30 ಇಂಚು, ಫೆಂಡರಿನದು 34. ಬೆರಳುಗಳಿಗೆ ಆಯಾಸ ಕಡಿಮೆ. ಬೀಟಲ್ಸ್ ತಂಡದ ಆರಂಭದ ಧ್ವನಿಮುದ್ರಿಕೆಗಳಲ್ಲಿ ಕೇಳಿಬರುವುದು ಅದರ ನಾದವೇ. 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾದ ಆ ವಾದ್ಯ ಮತ್ತೆ ಒಡೆಯನ ಕೈಸೇರಿದ ಸುದ್ದಿ ಪ್ರಕಟವಾದದ್ದು 2024ರಲ್ಲಿ. ತನ್ನ ಕೈಗೆ, ತನ್ನ ಕೆಲಸಕ್ಕೆ, ತನ್ನ ಕಿಸೆಗೆ ಹೊಂದುವುದು ಯಾವುದೆಂದು ನೋಡಿದ ಆ ತರುಣನ ಕ್ರಮ ನಮ್ಮ ಹುಡುಗರಿಗೂ ಸಲ್ಲುತ್ತದೆ.

ನಿಮ್ಮಲ್ಲಿ 20,000 ರೂಪಾಯಿ ಇದೆಯೆಂದು ಇಟ್ಟುಕೊಳ್ಳೋಣ. ಅಂಗಡಿಯವನು ತೋರಿಸುವುದು 20,000 ರೂಪಾಯಿಯ ವಾದ್ಯವನ್ನೇ. ಅಲ್ಲಿ ಎಚ್ಚರ ಬೇಕು. ವಿದ್ಯುತ್ ಸಂಪರ್ಕವಿಲ್ಲದ ಬೇಸ್ ಗಿಟಾರ್ ಹೆಚ್ಚುಕಡಿಮೆ ಮೂಕ ವಾದ್ಯ. ಕೇಬಲ್, ಹೆಗಲಪಟ್ಟಿ, ಚೀಲ, ಶ್ರುತಿ ನೋಡುವ ಟ್ಯೂನರ್, ನುರಿತವರಿಂದ ವಾದ್ಯವನ್ನು ಹದಗೊಳಿಸುವ ಕೂಲಿ, ಆಂಪ್ಲಿಫೈಯರ್ ಇವೆಲ್ಲವೂ ಅದೇ ಮೊತ್ತದಿಂದ ಹೊರಡಬೇಕು. ಆದುದರಿಂದ ವಾದ್ಯಕ್ಕೆ 12,000 ಅಥವಾ 13,000ಕ್ಕಿಂತ ಹೆಚ್ಚು ತೆಗೆದಿಡುವುದು ವಿವೇಕವಲ್ಲ.

ಆಂಪ್ಲಿಫೈಯರಿನ ವಿಷಯದಲ್ಲಿ ಉಳಿತಾಯಕ್ಕೆ ದಾರಿಯಿದೆ. ಇಗರ್ಜಿಯಲ್ಲಿ ಕೀಬೋರ್ಡಿಗೆಂದು ಇರಿಸಿದ ಆಂಪ್ಲಿಫೈಯರ್ ತಗ್ಗಿನ ಸ್ವರಗಳನ್ನು ತಾಳಿಕೊಳ್ಳುವಂತೆಯೇ ರಚಿತವಾಗಿರುವುದರಿಂದ ಬೇಸ್ ಗಿಟಾರಿಗೂ ಒದಗುತ್ತದೆ. ಡಿ.ಐ. ಬಾಕ್ಸ್ ಎಂಬ ಸಣ್ಣ ಪೆಟ್ಟಿಗೆಯಿದ್ದರೆ ಧ್ವನಿವರ್ಧಕದ ಮಿಕ್ಸರಿಗೇ ಜೋಡಿಸಬಹುದು. ಆದರೆ ಸಾಮಾನ್ಯ ಗಿಟಾರಿನ ಪುಟ್ಟ ಆಂಪ್ಲಿಫೈಯರಿಗೆ ಸಿಕ್ಕಿಸಿ ಜೋರಾಗಿ ನುಡಿಸಿದರೆ ಅದರ ಸ್ಪೀಕರ್ ಹರಿದುಹೋಗುವ ಅಪಾಯವಿದೆ. ಮನೆಯ ಅಭ್ಯಾಸಕ್ಕೆ ಹೆಡ್‌ಫೋನಿಗೆ ಧ್ವನಿ ಕೊಡುವ ಕಿರುಸಾಧನ ಸಾಕು. ನೆರೆಹೊರೆಯವರ ನಿದ್ದೆಯೂ ಉಳಿಯುತ್ತದೆ.

ಇನ್ನು ವಾದ್ಯದ ಪರೀಕ್ಷೆ. ಬಣ್ಣ, ಹೊಳಪು, ತಲೆಯ ಮೇಲಿನ ಹೆಸರು ಇವನ್ನೆಲ್ಲ ಕೊನೆಗೆ ನೋಡಿದರಾಯಿತು. ಮೊದಲು ನೋಡಬೇಕಾದದ್ದು ನೆಕ್ ಎಂದು ಕರೆಯುವ ನೀಳವಾದ ಮರದ ಕತ್ತನ್ನು. ನಾಲ್ಕು ತಂತಿಗಳು ಸೇರಿ ಅದನ್ನು 70 ಕಿಲೋಗ್ರಾಂಗೂ ಮಿಗಿಲಾದ ಬಲದಿಂದ ಹಗಲಿರುಳೂ ಎಳೆಯುತ್ತಿರುತ್ತವೆ. ಈ ಎಳೆತವನ್ನು ಎದುರಿಸಲೆಂದೇ ಅದರೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ಹುದುಗಿಸಿರುತ್ತಾರೆ. ದಪ್ಪ ತಂತಿಯನ್ನು ಮೊದಲನೆಯ ಫ್ರೆಟ್‌ನಲ್ಲಿ ಒಂದು ಕೈಯಿಂದಲೂ ಕತ್ತು ಒಡಲನ್ನು ಸೇರುವೆಡೆಯಲ್ಲಿ ಇನ್ನೊಂದು ಕೈಯಿಂದಲೂ ಒತ್ತಿಹಿಡಿಯಿರಿ. ನಡುವೆ ತಂತಿಗೂ ಫ್ರೆಟ್‌ಗೂ ಇರುವ ಅಂತರ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟಿದ್ದರೆ ಚಿಂತೆಯಿಲ್ಲ. ಅದಕ್ಕಿಂತ ತುಸು ಹೆಚ್ಚಿದ್ದರೂ ಸರಳನ್ನು ತಿರುವಿ ಸರಿಪಡಿಸಬಹುದು. ಆ ಸರಳಿನ ತಿರುಪು ಅಲುಗದಷ್ಟು ಬಿಗಿದಿದ್ದರೆ, ಅಥವಾ ಕತ್ತು ಹಗ್ಗದಂತೆ ತಿರುಚಿಕೊಂಡಿದ್ದರೆ, ಅರ್ಧ ಬೆಲೆಗೆ ಕೊಟ್ಟರೂ ಬೇಡ. ಬಳಿಕ ಒಂದೊಂದು ತಂತಿಯನ್ನೂ ಒಂದೊಂದು ಫ್ರೆಟ್‌ನಲ್ಲಿಯೂ ನುಡಿಸಿ ನೋಡಬೇಕು. ಅಂಗಡಿಯವನು ಬೇಸರಿಸಿದರೆ ಬೇಸರಿಸಲಿ. ಯಾವುದೋ ಒಂದು ಸ್ವರ ಮಾತ್ರ ಝೇಂಕರಿಸಿದರೆ ಅಲ್ಲಿ ಫ್ರೆಟ್ ಎದ್ದಿದೆಯೆಂದು ಅರ್ಥ. ಹನ್ನೆರಡನೆಯ ಫ್ರೆಟ್‌ನಲ್ಲಿ ಹೊರಡುವ ಸ್ವರ ತೆರೆದ ತಂತಿಯ ಸ್ವರಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಮೇಲಿರಬೇಕು. ಇಲ್ಲವಾದರೆ ಸೇತುವೆಯ ಬಳಿಯ ತಿರುಪಿನಿಂದ ಹೊಂದಿಸಲು ಸಾಧ್ಯವೇ ಎಂದು ಅಲ್ಲಿಯೇ ತಿರುಗಿಸಿ ನೋಡತಕ್ಕದ್ದು.

ತಂತಿ ನಾಲ್ಕೇ ಸಾಕು. ಐದನೆಯ ತಂತಿಯ ತಳಸ್ವರವನ್ನು ಸಣ್ಣ ಸ್ಪೀಕರುಗಳು ಹೊರಡಿಸಲಾರವು. ಬ್ಯಾಟರಿ ಬೇಡುವ ಆಕ್ಟಿವ್ ಮಾದರಿಯ ವಾದ್ಯದಲ್ಲಿ ಕೇಬಲನ್ನು ಸಿಕ್ಕಿಸಿಯೇ ಮರೆತರೆ ಬ್ಯಾಟರಿ ಬರಿದಾಗುತ್ತದೆ, ಹಬ್ಬದ ದಿನವೇ ಹಾಗಾಗುವುದು ಅದರ ಸ್ವಭಾವ! ಪ್ಯಾಸಿವ್ ಮಾದರಿಗೆ ಆ ಉಪದ್ರವವಿಲ್ಲ. ಹಿಡಿಗುಂಡಿಗಳನ್ನು ತಿರುಗಿಸುವಾಗ ಕರಕರ ಸದ್ದು ಬಂದರೆ ಅದು ಧೂಳಿನ ಕಾಟ. ಅಷ್ಟಕ್ಕೇ ವಾದ್ಯವನ್ನು ನಿರಾಕರಿಸಬೇಕಾಗಿಲ್ಲ, ಬೆಲೆ ಇಳಿಸಲು ಅದನ್ನು ಬಳಸಿಕೊಂಡರೆ ಸಾಕು.

ಹಳೆಯ ವಾದ್ಯವೆಂದು ಹಿಂಜರಿಯುವುದಕ್ಕೂ ಕಾರಣವಿಲ್ಲ. ಉತ್ಸಾಹದಿಂದ ಕೊಂಡು, ಕೆಲಸಕ್ಕಾಗಿ ಕೊಲ್ಲಿ ರಾಷ್ಟ್ರಗಳಿಗೆ ಹೊರಟವರ ವಾದ್ಯಗಳು ನಮ್ಮೂರುಗಳ ಕಪಾಟುಗಳಲ್ಲಿ ಮಲಗಿರುತ್ತವೆ. ಅವುಗಳ ಮರ ಹತ್ತಾರು ಮಳೆಗಾಲಗಳನ್ನು ಕಂಡಾಗಿದೆ. ಬಾಗಬೇಕಾದುದು ಬಹುಮಟ್ಟಿಗೆ ಈಗಾಗಲೇ ಬಾಗಿರುತ್ತದೆ. ಆದರೆ ಪರೀಕ್ಷೆ ಮಾತ್ರ ಮೇಲೆ ಹೇಳಿದಂತೆಯೇ ಆಗಬೇಕು. ಬಂಧುಗಳೆಂಬ ದಾಕ್ಷಿಣ್ಯ ಅಲ್ಲಿ ಸಲ್ಲದು.

ವಾದ್ಯ ಬಂದ ಮೇಲೆ ಕೀಬೋರ್ಡ್ ವಾದಕರಲ್ಲಿ ಒಂದು ವಿನಂತಿ. ಇದುವರೆಗೆ ನಿಮ್ಮ ಎಡಗೈ ಹೊತ್ತಿದ್ದ ತಗ್ಗಿನ ಸ್ವರಗಳ ಭಾರವನ್ನು ಈಗ ಇಳಿಸಿಬಿಡಿ. ಇಬ್ಬರೂ ಅದೇ ತಾಣದಲ್ಲಿ ನುಡಿಸಿದರೆ ಗದ್ದಲವೇ ಹೊರತು ಗಾಂಭೀರ್ಯವಿಲ್ಲ. ಕೊಟ್ಟ ಹಣವೂ ವ್ಯರ್ಥ.

ತಂತಿಗಳು ಕರಾವಳಿಯ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತವೆ. ನುಡಿಸಿದ ಬಳಿಕ ಒಣಬಟ್ಟೆಯಿಂದ ಒರೆಸುವುದು ಕಡ್ಡಾಯ. ಅಮೆರಿಕದ ಮೋಟೌನ್ ಸಂಸ್ಥೆಯ ಅಸಂಖ್ಯ ಗೀತೆಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ 1962ರ ಒಂದು ಪ್ರಿಸಿಷನ್ ಬೇಸ್‌ನಲ್ಲಿ, ತುಂಡಾಗದ ಹೊರತು ತಂತಿ ಬದಲಾಯಿಸದೆ, ಬಹುಪಾಲು ಕೆಲಸ ತೀರಿಸಿದರು. ಅವರು ಬಳಸಿದ್ದು ಮೇಲ್ಮೈ ನುಣುಪಾಗಿರುವ ತಂತಿ. ಹಳತಾದಷ್ಟೂ ಅದರ ನಾದ ಮೃದುವಾಗುತ್ತದೆ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಒರಟು ಸುತ್ತಿನ ತಂತಿಗಳ ಸಂದುಗಳಲ್ಲಿ ಬೆವರು, ಕೊಳೆ ತುಂಬಿ ಧ್ವನಿ ಮಂಕಾಗುತ್ತದೆ. ಆಗ ಅವನ್ನು ಬಿಚ್ಚಿ, ಸುರುಳಿ ಮಾಡಿ, ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ತೇವ ಎಳ್ಳಷ್ಟೂ ಉಳಿಯದಂತೆ ಒಣಗಿಸಿ ಮತ್ತೆ ಕಟ್ಟಿದರೆ ಕೆಲವು ವಾರಗಳ ಮಟ್ಟಿಗೆ ಹೊಸ ಕಳೆ ಮರಳುತ್ತದೆ. ಹೊಸ ತಂತಿಗಳ ಬೆಲೆ ವಿಚಾರಿಸಿ ಬಂದವರಿಗೆ ಈ ಅಡುಗೆ ಹಾಸ್ಯವೆನಿಸದು. ಪಾತ್ರೆಯನ್ನು ಮಾತ್ರ ಮನೆಯೊಡತಿಯ ಅನುಮತಿ ಪಡೆದೇ ತೆಗೆದುಕೊಳ್ಳಬೇಕು.